ಶತ್ರುವಿನ ಗುಟ್ಟೆಲ್ಲ ಗೊತ್ತಿದ್ದವರಿಗೆ ಸ್ವಂತ ಹಡಗಿನ ಸುದ್ದಿ ಗೊತ್ತಾಗಲಿಲ್ವಾ? (ಅಡ್ಮಿರಲ್ ಗಾಡ್‌ಫ್ರೀ ಬಗ್ಗೆ)

ಕಾಗದದ ದೋಣಿ · ಶನಿವಾರ, ಬೆಳಗ್ಗೆ 8.40

ಒಂದು ವಾರದಿಂದ ತಲೆ ತಿನ್ನುತ್ತಿರುವ ವಿಷಯ. ಇಲ್ಲಿ ಹಾಕಿದರೆ ಯಾರಾದರೂ ಬಿಡಿಸಿ ಹೇಳಬಹುದು ಅಂತ ಆಸೆ.

ಜೇಮ್ಸ್ ಬಾಂಡ್‌ನ ಬಾಸ್ 'ಎಂ' ಗೊತ್ತಲ್ವಾ? ಆ ಪಾತ್ರಕ್ಕೆ ಬಹುಮಟ್ಟಿಗೆ ಮಾದರಿಯಾದವರು ಜಾನ್ ಹೆನ್ರಿ ಗಾಡ್‌ಫ್ರೀ. 1939ರಿಂದ 1942ರವರೆಗೆ ಬ್ರಿಟಿಷ್ ನೌಕಾ ಗುಪ್ತಚರ ವಿಭಾಗದ ಮುಖ್ಯಸ್ಥರು. ಬಾಂಡ್ ಕಥೆ ಬರೆದ ಇಯಾನ್ ಫ್ಲೆಮಿಂಗ್ ಯುದ್ಧದ ಕಾಲದಲ್ಲಿ ಇವರ ಆಪ್ತ ಸಹಾಯಕರಾಗಿದ್ದರು. ಇಷ್ಟು ಮೊದಲೇ ಗೊತ್ತಿತ್ತು.

ಗೊತ್ತಿಲ್ಲದೇ ಇದ್ದದ್ದು ಇದು. 1946ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ನಮ್ಮ ನಾವಿಕರು ದಂಗೆ ಎದ್ದರಲ್ಲ, ಆಗ ರೇಡಿಯೋದಲ್ಲಿ ಮಾತಾಡಿ, ನಾವು ಹೆಮ್ಮೆಪಟ್ಟ ಈ ನೌಕಾಪಡೆಯೇ ನಾಶವಾದರೂ ಸರಿ, ಪೂರ್ತಿ ಬಲ ಬಳಸುತ್ತೇವೆ ಅಂತ ಬೆದರಿಸಿದ ಗಾಡ್‌ಫ್ರೀ ಕೂಡ ಇದೇ ಮನುಷ್ಯ! ಇಷ್ಟು ವರ್ಷ ಇಬ್ಬರು ಬೇರೆ ಬೇರೆ ಗಾಡ್‌ಫ್ರೀ ಅಂದುಕೊಂಡಿದ್ದೆ.

ನನ್ನ ಪ್ರಶ್ನೆ ಸರಳ. ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನ್ ಸಬ್‌ಮರೀನ್ ಎಲ್ಲಿದೆ ಅಂತ ಲಂಡನ್ನಿನಲ್ಲಿ ಕೂತು ಹೇಳುವ ವ್ಯವಸ್ಥೆಯನ್ನು ನಡೆಸಿದವರು ಇವರು. ತಮ್ಮದೇ ಹಡಗುಗಳಲ್ಲಿ ಹುಡುಗರ ಹೊಟ್ಟೆಯಲ್ಲಿದ್ದ ಬೆಂಕಿ ಹೇಗೆ ಕಾಣಲಿಲ್ಲ?

—

ಉಪ್ಪಿಟ್ಟು ಪ್ರಿಯ · 8.52

ದೀಪದ ಬುಡದಲ್ಲೇ ಕತ್ತಲೆ ಅಂತ ನಮ್ಮಜ್ಜಿ ಎಂದೋ ಹೇಳಿಯಾಗಿದೆ. ಚರ್ಚೆ ಮುಗೀತು, ತಿಂಡಿಗೆ ಹೋಗೋಣ.

—

ಪೆರಿಸ್ಕೋಪ್ · 9.15

ತಿಂಡಿ ಆಮೇಲೆ. ದೋಣಿಯವರೇ, ಒಳ್ಳೆ ಎಳೆ ಹಿಡಿದಿದ್ದೀರಿ. ಹಿನ್ನೆಲೆ ಸ್ವಲ್ಪ ಹೇಳಿಬಿಡ್ತೇನೆ, ಇಲ್ಲದಿದ್ದರೆ ಚರ್ಚೆ ಬಾಂಡ್ ಕಡೆಗೇ ಓಡುತ್ತೆ.

ಗಾಡ್‌ಫ್ರೀ ಹುಟ್ಟಿದ್ದು 1888ರಲ್ಲಿ, ಬರ್ಮಿಂಗ್‌ಹ್ಯಾಮ್ ಕಡೆಯವರು. ಹುಡುಗರಾಗಿದ್ದಾಗಲೇ ನೌಕಾಪಡೆಗೆ ಸೇರಿದರು. ಮೊದಲ ಮಹಾಯುದ್ಧದಲ್ಲಿ ಅವರು ಗೂಢಚಾರ ಅಲ್ಲ, ನ್ಯಾವಿಗೇಟರ್. 'ಯೂರಿಯಾಲಸ್' ಅನ್ನೋ ಕ್ರೂಸರ್‌ನಲ್ಲಿ ಟರ್ಕಿಯ ಡಾರ್ಡನೆಲ್ಸ್ ಜಲಸಂಧಿಗೆ ಹೋದವರು. 1915ರ ಏಪ್ರಿಲ್ 25ರಂದು ಗಲಿಪೊಲಿಯ ಒಂದು ದಂಡೆಗೆ ಲ್ಯಾಂಕಶೈರ್ ಸೈನಿಕರನ್ನು ತಂದದ್ದು ಇದೇ ಹಡಗು. ದಂಡೆಯಲ್ಲಿ ಮುಳ್ಳುತಂತಿ, ಎದುರಿಗೆ ಮೆಷಿನ್‌ಗನ್. ಇಳಿದವರನ್ನು ಸಾಲಾಗಿ ಕೆಡವಿದರು. ಅಲ್ಲಿನ ಸರಿಯಾದ ನಕ್ಷೆ, ಕರಾವಳಿಯ ಮಾಹಿತಿ ಬ್ರಿಟಿಷರ ಹತ್ತಿರ ಸಾಕಷ್ಟು ಇರಲಿಲ್ಲ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಮುಂದೆ ಗುಪ್ತಚರ ಮುಖ್ಯಸ್ಥರಾದಾಗ ಅವರು ಮುತುವರ್ಜಿ ವಹಿಸಿ ಮಾಡಿಸಿದ ಕೆಲಸಗಳಲ್ಲಿ ಒಂದು ಭೂಗೋಳದ್ದು. ಆಕ್ಸ್‌ಫರ್ಡ್, ಕೇಂಬ್ರಿಜ್‌ನ ಮೇಷ್ಟ್ರುಗಳನ್ನು ಕೂರಿಸಿ ದೇಶ ದೇಶಗಳ ಕೈಪಿಡಿ ಬರೆಸಿದರು. ಒಟ್ಟು 58 ಸಂಪುಟ. ಬಂದರು, ರಸ್ತೆ, ಕಾಯಿಲೆ, ಬೆಳೆ, ಜನ ಎಲ್ಲ ಇತ್ತು. ಕರಾವಳಿಗಳ ಚಿತ್ರ ಸಾಲದು ಅಂತ 1942ರಲ್ಲಿ ಬಿಬಿಸಿ ರೇಡಿಯೋದಲ್ಲಿ ಜನರನ್ನೇ ಕೇಳಿದರು: ಯುದ್ಧಕ್ಕೆ ಮೊದಲು ಯುರೋಪಿನ ಕಡಲತೀರಕ್ಕೆ ರಜೆಗೆ ಹೋಗಿದ್ದಾಗ ತೆಗೆದ ಫೋಟೋ ಇದ್ದರೆ ಕಳಿಸಿ ಅಂತ. ರಾಶಿ ರಾಶಿ ಬಂದವು. ಮಗು ಮರಳಲ್ಲಿ ಆಡುತ್ತಿರುವ ಫೋಟೋದಲ್ಲಿ ಹಿಂದಿನ ದಂಡೆ ಎಷ್ಟು ಇಳಿಜಾರು, ಮರಳು ಗಟ್ಟಿಯೋ ಮೆತ್ತಗೋ ಅಂತ ನೋಡುವುದು.

—

ಗಾಳಿಪಟ · 9.21

ಅಯ್ಯೋ, ನಮ್ಮನೆ ಗೋಕರ್ಣದ ಫೋಟೋ ನೋಡಿದರೆ ಅವರಿಗೆ ನಮ್ಮ ಅತ್ತೆಯ ಹೆಬ್ಬೆರಳು ಮಾತ್ರ ಸಿಗ್ತಿತ್ತು.

—

ಬಿಸಿಲು ಕುದುರೆ · 9.40

ಎರಡು ಮಹಾಯುದ್ಧದ ನೌಕಾ ಗೂಢಚಾರ ಅಂದರೆ ನನ್ನ ಪ್ರಕಾರ ಒಬ್ಬನೇ: ವಿಲ್ಹೆಲ್ಮ್ ಕನಾರಿಸ್. ಮೊದಲ ಯುದ್ಧದಲ್ಲಿ 'ಡ್ರೆಸ್ಡನ್' ಹಡಗು ಚಿಲಿ ದೇಶದ ಹತ್ತಿರ ಮುಳುಗಿತು, ಸೆರೆಯಿಂದ ತಪ್ಪಿಸಿಕೊಂಡು ಆಂಡಿಸ್ ಬೆಟ್ಟ ದಾಟಿ, ಸುಳ್ಳು ಪಾಸ್‌ಪೋರ್ಟ್‌ನಲ್ಲಿ ಬ್ರಿಟಿಷರ ಕಣ್ಣೆದುರೇ ಜರ್ಮನಿಗೆ ವಾಪಸ್ ಬಂದ. ಆಮೇಲೆ ಸ್ಪೇನ್‌ನಲ್ಲಿ ಗೂಢಚಾರ ಜಾಲ. 1935ರಿಂದ ಇಡೀ ಜರ್ಮನ್ ಸೇನಾ ಗುಪ್ತಚರದ ಮುಖ್ಯಸ್ಥ. ಕೊನೆಗೆ ಹಿಟ್ಲರ್ ವಿರುದ್ಧ ಸಂಚಿನಲ್ಲಿ ಸಿಕ್ಕಿ 1945ರ ಏಪ್ರಿಲ್ 9ರಂದು ನೇಣು. ಇದರ ಮುಂದೆ ಗಾಡ್‌ಫ್ರೀ ಬರೀ ಫೈಲು ತಿರುಗಿಸಿದ ಗುಮಾಸ್ತ.

—

ಪೆರಿಸ್ಕೋಪ್ · 9.58

ಕುದುರೆಯವರೇ, ರೋಚಕತೆಯಲ್ಲಿ ಕನಾರಿಸ್‌ಗೆ ನೂರಕ್ಕೆ ನೂರು. ಕೆಲಸದಲ್ಲಿ? ಬ್ರಿಟನ್ನಿಗೆ ಅವನ ಸಂಸ್ಥೆ ಕಳಿಸಿದ ಏಜೆಂಟರನ್ನು ಬ್ರಿಟಿಷರು ಒಬ್ಬೊಬ್ಬರಾಗಿ ಹಿಡಿದು, ಹಲವರನ್ನು ತಮ್ಮ ಕಡೆಗೆ ತಿರುಗಿಸಿ, ಅವರಿಂದಲೇ ಸುಳ್ಳು ಸುದ್ದಿ ಕಳಿಸಿದರು. ಫೈಲು ತಿರುಗಿಸಿದ ಗುಮಾಸ್ತರೇ ಗೆದ್ದದ್ದು.

—

ಚರಿತ್ರೆ ಟೀಚರ್ · 10.05

ಒಂದು ಚಿಕ್ಕ ಸೇರ್ಪಡೆ. ಈ 'ಡ್ರೆಸ್ಡನ್' ಮತ್ತು 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎಣ್ಣೆ ಟ್ಯಾಂಕುಗಳ ಮೇಲೆ ಗುಂಡು ಹಾರಿಸಿದ 'ಎಂಡನ್' ಒಂದೇ ಮಾದರಿಯ ಅವಳಿ ಹಡಗುಗಳು. ತಮಿಳಿನಲ್ಲಿ ಭಾರೀ ಗಟ್ಟಿ ಆಸಾಮಿಗೆ ಈಗಲೂ 'ಎಂಡನ್' ಅನ್ನುತ್ತಾರೆ. ಮಕ್ಕಳಿಗೆ ಇದನ್ನು ಹೇಳಿದರೆ ಮಾತ್ರ ಮೊದಲ ಮಹಾಯುದ್ಧದ ಪಾಠದಲ್ಲಿ ತಲೆ ಎತ್ತುತ್ತಾರೆ.

—

ಉಪ್ಪಿಟ್ಟು ಪ್ರಿಯ · 10.09

ಟೀಚರ್, ಮೈಸೂರು ಲ್ಯಾನ್ಸರ್ಸ್ ಕಥೆ ಹೇಳಿದರೂ ತಲೆ ಎತ್ತುತ್ತಾರೆ. ಹೈಫಾದಲ್ಲಿ (ಈಗಿನ ಇಸ್ರೇಲ್) ಮೈಸೂರು, ಜೋಧ್‌ಪುರ, ಹೈದರಾಬಾದ್ ಮೂರೂ ಪಡೆ ಕುದುರೆ ಮೇಲೆ ನುಗ್ಗಿದ್ದು. ದೆಹಲಿಯ ತೀನ್ ಮೂರ್ತಿ ಅವರದ್ದೇ ಅಲ್ವಾ?

—

ಚರಿತ್ರೆ ಟೀಚರ್ · 10.16

ಪ್ರತಿಮೆ ಮೂವರದ್ದು ಹೌದು. ಆದರೆ 1918ರ ಸೆಪ್ಟೆಂಬರ್ 23ರಂದು ಹೈಫಾ ಮೇಲೆ ನುಗ್ಗಿದ್ದು ಜೋಧ್‌ಪುರ ಮತ್ತು ಮೈಸೂರು ಪಡೆ. ಹೈದರಾಬಾದಿನವರು ಅದೇ ಬ್ರಿಗೇಡ್, ಆ ದಿನದ ದಾಳಿಯಲ್ಲಿ ಇರಲಿಲ್ಲ. ಪರೀಕ್ಷೆಯಲ್ಲಿ ಬರೆದಿದ್ದರೆ ಅರ್ಧ ಮಾರ್ಕ್ಸ್ ಕತ್ತರಿಸ್ತಿದ್ದೆ.

—

ಕಾಗದದ ದೋಣಿ · 10.30

ಕುದುರೆ ಇಳಿದು ಹಡಗು ಹತ್ತೋಣ ದಯವಿಟ್ಟು 🙏 ನ್ಯಾವಿಗೇಟರ್ ಆಗಿದ್ದವರು ಗುಪ್ತಚರಕ್ಕೆ ಹೇಗೆ ಬಂದರು? ಟ್ರೇನಿಂಗ್ ಏನಾದರೂ ಇತ್ತಾ?

—

ಪೆರಿಸ್ಕೋಪ್ · 11.02

ಟ್ರೇನಿಂಗ್ ಇಲ್ಲ, ಏನೂ ಇಲ್ಲ! ಯುದ್ಧದ ಕೊನೆಯ ಎರಡು ವರ್ಷ ಮೆಡಿಟರೇನಿಯನ್ ಕಮಾಂಡಿನ ಕಚೇರಿಯಲ್ಲಿದ್ದರು. ಆಮೇಲೆ ಸ್ಟಾಫ್ ಕಾಲೇಜು, ಯೋಜನಾ ವಿಭಾಗ, 'ರಿಪಲ್ಸ್' ಯುದ್ಧನೌಕೆಯ ಕ್ಯಾಪ್ಟನ್. 1939ರ ಆರಂಭದಲ್ಲಿ ಇದ್ದಕ್ಕಿದ್ದಂತೆ ಈ ಕುರ್ಚಿ ಸಿಕ್ಕಿತು. ನೌಕಾಪಡೆಯಲ್ಲಿ ಆಗ ಗುಪ್ತಚರ ಅಂದರೆ ಬಡ್ತಿಯ ದಾರಿಯೂ ಅಲ್ಲ, ಮರ್ಯಾದೆಯ ಕೆಲಸವೂ ಅಲ್ಲ.

ಅವರ ಜಾಣತನ ಏನು ಅಂದರೆ, ಗೊತ್ತಿಲ್ಲದ್ದನ್ನು ಗೊತ್ತಿದ್ದವರನ್ನು ಕೇಳಿದರು. ಮೊದಲ ಯುದ್ಧದ ಗುಪ್ತಚರ ಮುಖ್ಯಸ್ಥ ರೆಜಿನಾಲ್ಡ್ ಹಾಲ್ ಇನ್ನೂ ಬದುಕಿದ್ದರು. ಕಣ್ಣು ಪಟಪಟ ಮಿಟುಕಿಸುತ್ತಿದ್ದರಿಂದ 'ಬ್ಲಿಂಕರ್' ಅಂತ ಅಡ್ಡಹೆಸರು. 'ರೂಂ 40' ಎಂಬ ಕೋಣೆಯಲ್ಲಿ ಜರ್ಮನ್ ಸಂಕೇತ ಬಿಡಿಸಿದ ತಂಡ ಅವರದ್ದು. 1917ರಲ್ಲಿ ಅಮೆರಿಕದ ವಿರುದ್ಧ ಕೈಜೋಡಿಸಿ ಅಂತ ಜರ್ಮನಿ ಮೆಕ್ಸಿಕೋಗೆ ಕಳಿಸಿದ ತ್ಸಿಮರ್‌ಮನ್ ತಂತಿ ಸಂದೇಶವನ್ನು ಓದಿ ಅಮೆರಿಕದ ಕೈಗೆ ಮುಟ್ಟಿಸಿದವರು. ಗಾಡ್‌ಫ್ರೀಗೆ ಅವರು ಸಲಹೆ ಕೊಟ್ಟರು, ತಮ್ಮ ಲಂಡನ್ ಫ್ಲ್ಯಾಟನ್ನೂ ಬಿಟ್ಟುಕೊಟ್ಟರು. ಹಾಲ್‌ಗೆ ಹಿಂದಿನ ಯುದ್ಧದಲ್ಲಿ ಷೇರುಪೇಟೆಯಿಂದ ಬಂದ ಒಬ್ಬ ಸಹಾಯಕ ಇದ್ದ. ನಿನಗೂ ಅಂಥವನೇ ಬೇಕು ಅಂದರು. ಗಾಡ್‌ಫ್ರೀ ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಗವರ್ನರ್ ಹತ್ತಿರ ಕೇಳಿದರು. ಹಾಗೆ ಸಿಕ್ಕಿದ್ದು ಫ್ಲೆಮಿಂಗ್. ವೃತ್ತಿಯಲ್ಲಿ ಷೇರು ದಲ್ಲಾಳಿ, ಅದೂ ಅಷ್ಟಕ್ಕಷ್ಟೇ.

ಇನ್ನೊಂದು ಉದಾಹರಣೆ ರಾಜರ್ ವಿನ್. ವಕೀಲ. ಚಿಕ್ಕಂದಿನ ಪೋಲಿಯೋದಿಂದ ಬೆನ್ನು ಬಾಗಿತ್ತು, ನಡಿಗೆ ಕುಂಟು. ನೌಕಾಪಡೆಯ ದೇಹ ಪರೀಕ್ಷೆಯಲ್ಲಿ ಯಾವ ಜನ್ಮದಲ್ಲೂ ಪಾಸಾಗುವವರಲ್ಲ. ಅವರನ್ನು ಸಬ್‌ಮರೀನ್ ಪತ್ತೆ ಕೋಣೆಯ ಮುಖ್ಯಸ್ಥ ಮಾಡಿದರು. ಸಾಕ್ಷಿಗಳನ್ನು ತೂಗಿ ತೀರ್ಮಾನಕ್ಕೆ ಬರುವುದು ವಕೀಲನಿಗೆ ಹೇಳಿಕೊಡಬೇಕಾ? ಜರ್ಮನರ ಸಂಕೇತ ಯಂತ್ರ ಎನಿಗ್ಮಾದ ಸಂದೇಶ ಓದಲಾಗದ ತಿಂಗಳುಗಳಲ್ಲೂ (1942ರಲ್ಲಿ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ) ವಿನ್ ಮೇಜಿನ ಮೇಲಿನ ನಕ್ಷೆಯಲ್ಲಿ ಗುಂಡುಸೂಜಿ ಚುಚ್ಚುತ್ತಾ, ಈ ಕ್ಯಾಪ್ಟನ್ ಇನ್ನು ಹೀಗೆ ತಿರುಗ್ತಾನೆ ಅಂತ ಅಂದಾಜು ಮಾಡುತ್ತಲೇ ಇದ್ದರು.

—

ಗಾಳಿಪಟ · 11.10

ಅಂದರೆ ರೆಸ್ಯೂಮೆ ನೋಡದೆ ಕೆಲಸಕ್ಕೆ ತಗೊಂಡ ಏಕೈಕ ಸರ್ಕಾರಿ ಅಧಿಕಾರಿ. ನನ್ನ ಹಳೇ ಆಫೀಸಿನಲ್ಲಿ ಹತ್ತು ವರ್ಷದ ಅನುಭವ ಕೇಳಿದ್ದರು, ಆ ಸಾಫ್ಟ್‌ವೇರ್ ಹುಟ್ಟಿ ಆರು ವರ್ಷ ಆಗಿತ್ತು ಅಷ್ಟೇ.

—

ಬಿಸಿಲು ಕುದುರೆ · 11.25

ಇಷ್ಟೆಲ್ಲ ಹೊಗಳಿಕೆ ಸರಿ. ಇವರ ವಿಭಾಗ ಇದ್ದೂ 1942ರ ಜುಲೈಯಲ್ಲಿ ಪಿಕ್ಯೂ-17 ಸರಕು ಹಡಗುಗಳ ಸಾಲು ಆರ್ಕ್ಟಿಕ್‌ನಲ್ಲಿ ಧೂಳಿಪಟ ಆಗಲಿಲ್ವಾ? 35ರಲ್ಲಿ 24 ಹಡಗು ಹೋದವು.

—

ಪೆರಿಸ್ಕೋಪ್ · 11.41

ಹೋದವು. ಆದರೆ ಗುಪ್ತಚರದವರು ಏನು ಹೇಳಿದ್ದರು ಅನ್ನೋದು ಮುಖ್ಯ. ಅಲ್ಲಿದ್ದ ನಾರ್ಮನ್ ಡೆನಿಂಗ್ ಅವರ ಅಂದಾಜು, ಜರ್ಮನರ ಟಿರ್ಪಿಟ್ಸ್ ಯುದ್ಧನೌಕೆ ಇನ್ನೂ ಬಂದರು ಬಿಟ್ಟಿಲ್ಲ ಅಂತ. ಫಸ್ಟ್ ಸೀ ಲಾರ್ಡ್, ಅಂದರೆ ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥ ಡಡ್ಲಿ ಪೌಂಡ್, ಖಚಿತವಾಗಿ ಹೇಳ್ತೀಯಾ ಅಂತ ಕೇಳಿದರು. ನೂರಕ್ಕೆ ನೂರು ಅಂತ ಯಾರು ಹೇಳೋಕೆ ಆಗುತ್ತೆ? ಪೌಂಡ್ ಹಡಗುಗಳಿಗೆ ಚದುರಿಹೋಗಿ ಅಂತ ಆದೇಶ ಕೊಟ್ಟರು. ಚದುರಿದ ಕುರಿಗಳನ್ನು ವಿಮಾನ, ಸಬ್‌ಮರೀನ್ ಒಂದೊಂದಾಗಿ ಹಿಡಿದವು. ಟಿರ್ಪಿಟ್ಸ್ ಆಗ ಹೊರಟೇ ಇರಲಿಲ್ಲ.

ಸುದ್ದಿ ಸರಿ ಇದ್ದರೂ ಕೇಳುವವರು ಕೇಳಬೇಕಲ್ಲ. ನಿಮ್ಮ ಮೂಲ ಪ್ರಶ್ನೆಗೂ ಇದು ತಾಗುತ್ತೆ, ದೋಣಿಯವರೇ.

—

ಕಾರವಾರದ ಕಡಲು · ಮಧ್ಯಾಹ್ನ 12.20

ಎಲ್ಲರಿಗೂ ನಮಸ್ಕಾರ. ನಾನು ನೇವಿಯಲ್ಲಿ ಹದಿನೈದು ವರ್ಷ ಕಮ್ಯುನಿಕೇಷನ್ ಬ್ರಾಂಚಿನಲ್ಲಿದ್ದವನು. ಆಫೀಸರ್ ಅಲ್ಲ, ಸೇಲರ್. ಹಾಗಾಗಿ ಕೆಳಗಿನಿಂದ ನೋಡಿ ಹೇಳ್ತೇನೆ.

ಪೆರಿಸ್ಕೋಪ್ ಸರ್ ಹೇಳಿದ್ದೆಲ್ಲ ಮೇಲಿನ ಡೆಕ್ಕಿನ ಕಥೆ. 1946ರದ್ದು ಕೆಳಗಿನ ಡೆಕ್ಕಿನ ಕಥೆ. ಅದು ಶುರುವಾಗಿದ್ದು ಎಚ್‌ಎಂಐಎಸ್ ತಲ್ವಾರ್‌ನಲ್ಲಿ. ಅದು ಹಡಗಲ್ಲ, ಕೊಲಾಬಾದಲ್ಲಿದ್ದ ಸಿಗ್ನಲ್ ಸ್ಕೂಲು. ಅಂದರೆ ಅಲ್ಲಿದ್ದವರು ನನ್ನ ಥರದವರು, ಟೆಲಿಗ್ರಾಫಿಸ್ಟುಗಳು, ಸಿಗ್ನಲ್‌ಮ್ಯಾನ್‌ಗಳು. ಓದು ಬರಹ ಬಲ್ಲವರು. ಎಲ್ಲ ಹಡಗಿನ ಸುದ್ದಿ ಮೊದಲು ಹಾದುಹೋಗೋದು ಅವರ ಕಿವಿಯಲ್ಲಿ. ಫೆಬ್ರವರಿ 18, ಸೋಮವಾರ ಬೆಳಗ್ಗೆ ತಿಂಡಿ ಮುಟ್ಟಲಿಲ್ಲ. ಊಟ ಇಲ್ಲ ಅಂದರೆ ಕೆಲಸವೂ ಇಲ್ಲ ಅಂದರು. ಮರುದಿನದೊಳಗೆ ಸುದ್ದಿ ವೈರ್‌ಲೆಸ್‌ನಲ್ಲಿ ಕರಾಚಿ, ಮದ್ರಾಸ್, ವಿಶಾಖಪಟ್ಟಣ, ಕಲ್ಕತ್ತಾ ಎಲ್ಲ ಕಡೆ ಮುಟ್ಟಿತ್ತು. ಸಾಮಾನ್ಯವಾಗಿ ಹೇಳುವ ಲೆಕ್ಕ 78 ಹಡಗು, 20 ನೆಲೆ, 20,000 ನಾವಿಕರು.

ಮುಷ್ಕರ ಸಮಿತಿಯ ಅಧ್ಯಕ್ಷ ಎಂ.ಎಸ್. ಖಾನ್, ಉಪಾಧ್ಯಕ್ಷ ಮದನ್ ಸಿಂಗ್. ಇಬ್ಬರೂ ಸಿಗ್ನಲ್ ಕಡೆಯವರೇ. ಯೋಚನೆ ಮಾಡಿ. ಶತ್ರುವಿನ ವೈರ್‌ಲೆಸ್‌ಗೆ ಕಿವಿಕೊಟ್ಟು ಯುದ್ಧ ಗೆಲ್ಲಿಸಿದ ಮನುಷ್ಯನ ಕೆಳಗೆ, ದಂಗೆ ಹರಡಿದ್ದು ಅವರದ್ದೇ ವೈರ್‌ಲೆಸ್‌ನಲ್ಲಿ!

—

ಕಾಗದದ ದೋಣಿ · 12.28

ಕಡಲು ಅಣ್ಣಾ, ಮೈ ಜುಂ ಅಂತು. ಸಿಟ್ಟಿಗೆ ಕಾರಣ ಬರೀ ಊಟವಾ?

—

ಕಾರವಾರದ ಕಡಲು · 12.50

ಊಟ ಒಂದು. ಕಲ್ಲು ಸಿಗುವ ಅನ್ನ, ನೀರು ನೀರಾದ ಬೇಳೆ. ಹಡಗಿನಲ್ಲಿ ಇದ್ದವರಿಗೆ ಗೊತ್ತು, ಊಟ ಕೆಟ್ಟರೆ ಮನಸ್ಸು ಕೆಡೋಕೆ ಎರಡು ದಿನ ಸಾಕು. ಸಂಬಳ ಇನ್ನೊಂದು. ಅದೇ ಕೆಲಸಕ್ಕೆ ಬ್ರಿಟಿಷ್ ನಾವಿಕನಿಗೆ ಎಷ್ಟೋ ಪಾಲು ಜಾಸ್ತಿ. ಮೂರನೆಯದು, ಯುದ್ಧ ಮುಗಿದಿತ್ತು. ಸಾವಿರಾರು ಜನರನ್ನು ಮನೆಗೆ ಕಳಿಸ್ತಾ ಇದ್ದರು, ಮುಂದೆ ಕೆಲಸ ಏನು ಅಂತ ಹೇಳುವವರಿಲ್ಲ.

ಎಲ್ಲಕ್ಕಿಂತ ದೊಡ್ಡದು ಮಾತು. ತಲ್ವಾರ್‌ನ ಕಮಾಂಡಿಂಗ್ ಆಫೀಸರ್ ಆರ್ಥರ್ ಕಿಂಗ್ ಹುಡುಗರನ್ನು 'ಕೂಲಿಗಳ ಮಕ್ಕಳು' ಎಂಬಂಥ ಬೈಗುಳದಲ್ಲಿ ಕರೆದ ಅಂತ ಲಿಖಿತ ದೂರು ಹೋಗಿತ್ತು. ದೂರು ಮೇಲೆ ಹೋಗಲಿಲ್ಲ, ಸುತ್ತು ಹಾಕಿ ಮತ್ತೆ ಅದೇ ಮನುಷ್ಯನ ಮೇಜಿಗೆ ಬಂತು. ಇದು ಎಲ್ಲ ಸರ್ವಿಸ್‌ನಲ್ಲೂ ಇರುವ ಕಾಯಿಲೆ. ನನ್ನ ಕಾಲದಲ್ಲೂ ಒಬ್ಬ ಮೇಲಧಿಕಾರಿಯ ಮೇಲೆ ದೂರು ಬರೆದಿದ್ದೆ. ನನ್ನ ರಜೆ ರದ್ದಾಯಿತು, ಅಷ್ಟೇ ಫಲ.

—

ಚರಿತ್ರೆ ಟೀಚರ್ · 1.15

ಬಿ.ಸಿ. ದತ್ ಹೆಸರನ್ನೂ ಸೇರಿಸಿ. ತಲ್ವಾರ್‌ನ ಟೆಲಿಗ್ರಾಫಿಸ್ಟ್. 1945ರ ಡಿಸೆಂಬರ್ 1ರಂದು ನೇವಿ ಡೇ, ಊರ ಗಣ್ಯರೆಲ್ಲ ನೋಡಲು ಬರುವ ದಿನ. ಬೆಳಗಾಗುವಷ್ಟರಲ್ಲಿ ಗೋಡೆಗಳ ಮೇಲೆ 'ಕ್ವಿಟ್ ಇಂಡಿಯಾ', 'ದಂಗೆ ಏಳಿ' ಥರದ ಬರಹ. ಫೆಬ್ರವರಿ ಶುರುವಿನಲ್ಲಿ ದತ್ ಸಿಕ್ಕಿಬಿದ್ದರು. ಹಿಂದಿನ ವರ್ಷಗಳಲ್ಲೂ ನೌಕಾಪಡೆಯಲ್ಲಿ ಸಣ್ಣಪುಟ್ಟ ಅವಿಧೇಯತೆ ನಡೆದಿತ್ತು. ಆಮೇಲೆ ಕೂತ ಫಜ್ಲ್ ಅಲಿ ವಿಚಾರಣಾ ಆಯೋಗದ ಮುಂದೆ ಇದೆಲ್ಲ ಬಂತು.

ಹಾಗಾಗಿ ದೋಣಿಯವರ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸ್ತೇನೆ. ಸುದ್ದಿ ಇರಲಿಲ್ಲ ಅನ್ನೋದು ಸುಳ್ಳು. ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು! ಅದನ್ನು 'ಗುಪ್ತಚರ ಮಾಹಿತಿ' ಅಂತ ನೋಡದೆ 'ಶಿಸ್ತಿನ ಸಮಸ್ಯೆ' ಅಂತ ನೋಡಿದರು.

—

ಬಿಸಿಲು ಕುದುರೆ · 1.22

ಟೀಚರ್ ಮಾತಿಗೆ ನನ್ನ ಓಟು. ನಾಜಿ ಕ್ಯಾಪ್ಟನ್ನನ ಮನಸ್ಸು ಓದಲು ವಕೀಲರನ್ನು ಕೂರಿಸಿದ ಮನುಷ್ಯ, ಭಾರತೀಯ ನಾವಿಕನಿಗೂ ಒಂದು ಮನಸ್ಸಿದೆ ಅಂತ ಅಂದುಕೊಳ್ಳಲೇ ಇಲ್ಲ. ಇದು ಗುಪ್ತಚರದ ಸೋಲಲ್ಲ, ಅಹಂಕಾರ.

—

ಪೆರಿಸ್ಕೋಪ್ · 1.50

ಅಷ್ಟು ಸಲೀಸಾಗಿ ಬರೆಯಬೇಡಿ. ಅವರು ಭಾರತಕ್ಕೆ ಯಾಕೆ ಬಂದರು ನೋಡಿ. ಲಂಡನ್‌ನಲ್ಲಿ ಸೇನೆ, ವಾಯುಪಡೆ, ವಿದೇಶಾಂಗದ ಗುಪ್ತಚರದವರು ಸೇರುವ ಜಂಟಿ ಸಮಿತಿ ಇತ್ತು. ಅಲ್ಲಿ ಇವರಿಗೂ ಉಳಿದವರಿಗೂ ಎಣ್ಣೆ ಸೀಗೆಕಾಯಿ. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. 1942ರಲ್ಲಿ ಪೌಂಡ್ ಇವರನ್ನು ಆ ಕುರ್ಚಿಯಿಂದ ಎಬ್ಬಿಸಿದರು. ವೈಸ್ ಅಡ್ಮಿರಲ್ ಆಗಿ ಬಡ್ತಿ ಕೊಟ್ಟು, 1943ರಲ್ಲಿ ರಾಯಲ್ ಇಂಡಿಯನ್ ನೇವಿಗೆ ಮುಖ್ಯಸ್ಥ ಮಾಡಿ ಸಾಗಹಾಕಿದರು. ಯುದ್ಧದ ಸೇವೆಗೆ 'ಸರ್' ಪದವಿಯೂ ಇಲ್ಲ, ಏನೂ ಇಲ್ಲ. ಅವರ ದರ್ಜೆಯವರಲ್ಲಿ ಹೀಗೆ ಬರಿಗೈಯಲ್ಲಿ ಹೋದವರು ಇವರೊಬ್ಬರೇ ಅನ್ನುತ್ತಾರೆ.

ಅವರು ನೆಟ್ಟಿದ್ದ ಬೀಜಗಳು ಬೇರೆಯವರ ಹೆಸರಲ್ಲಿ ಹಣ್ಣು ಬಿಟ್ಟವು. 1939ರ ಸೆಪ್ಟೆಂಬರ್‌ನಲ್ಲಿ ಅವರ ಹೆಸರಲ್ಲಿ ಒಂದು ಟಿಪ್ಪಣಿ ಹೊರಟಿತ್ತು. ಫ್ಲೆಮಿಂಗ್ ಕೈವಾಡ ಜಾಸ್ತಿ ಅಂತಾರೆ. ಶತ್ರುವಿಗೆ ಮೋಸ ಮಾಡುವುದನ್ನು ಟ್ರೌಟ್ ಮೀನಿಗೆ ಗಾಳ ಹಾಕುವುದಕ್ಕೆ ಹೋಲಿಸಿ ಐವತ್ತಕ್ಕೂ ಜಾಸ್ತಿ ಉಪಾಯ ಬರೆದಿದ್ದರು. 28ನೆಯದು: ಒಂದು ಹೆಣದ ಜೇಬಲ್ಲಿ ಸುಳ್ಳು ಕಾಗದ ಇಟ್ಟು ಶತ್ರುವಿಗೆ ಸಿಗುವಂತೆ ಬಿಡುವುದು. 1943ರ ಏಪ್ರಿಲ್ 30ರಂದು ಸ್ಪೇನ್‌ನ ಉಎಲ್ವಾ ತೀರದಲ್ಲಿ ನಿಜವಾಗಲೂ ಹಾಗೇ ಒಂದು ಹೆಣ ಬಿಟ್ಟರು, 'ಮೇಜರ್ ವಿಲಿಯಂ ಮಾರ್ಟಿನ್' ಅಂತ ಹೆಸರು ಕೊಟ್ಟು. ಸಿಸಿಲಿ ಬದಲು ಗ್ರೀಸ್ ಕಡೆ ದಾಳಿ ಅಂತ ಜರ್ಮನರು ನಂಬಿದರು. ಗಾಡ್‌ಫ್ರೀ ಅಷ್ಟೊತ್ತಿಗೆ ಇಲ್ಲಿದ್ದರು.

—

ಉಪ್ಪಿಟ್ಟು ಪ್ರಿಯ · 1.58

ಲಂಡನ್‌ಗೆ ಬೇಡವಾದವರಿಗೆ ಭಾರತ. ನಮ್ಮ ಇಲಾಖೆಯಲ್ಲಿ ಬೇಡವಾದವರಿಗೆ ಬೀದರ್ ಟ್ರಾನ್ಸ್‌ಫರ್ ಆಗುವ ಹಾಗೆ.

—

ಗಾಳಿಪಟ · 2.01

ಬೀದರಿನವಳು ನಾನು. ನಿಮ್ಮ ಕಾಮೆಂಟು ನೋಟ್ ಮಾಡಿಕೊಂಡಿದ್ದೇನೆ 😠

—

ಉಪ್ಪಿಟ್ಟು ಪ್ರಿಯ · 2.02

ತಪ್ಪಾಯ್ತು ಅಕ್ಕಾ. ಬೀದರಿಗೆ ಬಂದವರು ವಾಪಸ್ ಹೋಗೋಕೆ ಅಳ್ತಾರೆ ಅಂತ ತಿದ್ದಿಕೊಳ್ಳಿ.

—

ಪೆರಿಸ್ಕೋಪ್ · 2.20

ಗಾಡ್‌ಫ್ರೀಯ ಇನ್ನೊಂದು ಕೊಡುಗೆ ಹೇಳದೆ ಬಿಡಲಾರೆ, ಇಲ್ಲಿರುವ ಎಲ್ಲರಿಗೂ ಉಪಯೋಗ. ಬರುವ ಪ್ರತಿ ಮಾಹಿತಿಗೂ ಎರಡು ಗುರುತು ಹಾಕಬೇಕು ಅಂತ 1939ರಲ್ಲಿ ಅವರ ವಿಭಾಗ ಪದ್ಧತಿ ತಂದಿತು. ಒಂದು ಅಕ್ಷರ, ಹೇಳಿದವನು ಎಷ್ಟು ನಂಬಿಕಸ್ಥ ಅಂತ. ಒಂದು ಅಂಕಿ, ಹೇಳಿದ್ದು ಎಷ್ಟು ನಿಜ ಇರಬಹುದು ಅಂತ. ನಂಬಿಕಸ್ಥನೂ ತಪ್ಪು ಹೇಳಬಹುದು, ಸುಳ್ಳನೂ ಒಮ್ಮೆ ನಿಜ ಹೇಳಬಹುದು. ಅದಕ್ಕೇ ಎರಡನ್ನೂ ಬೇರೆ ಬೇರೆ ತೂಗುವುದು. ಇವತ್ತು ಚಾಲ್ತಿಯಲ್ಲಿರುವ ರೂಪದಲ್ಲಿ ಎ ಇಂದ ಎಫ್, 1ರಿಂದ 6; ಎ-1 ಎಲ್ಲಕ್ಕಿಂತ ಮೇಲು. ಪೊಲೀಸರು, ಸೇನೆಗಳು ಈಗಲೂ ಬಳಸುತ್ತಾರೆ.

—

ಗಾಳಿಪಟ · 2.26

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪು: ಎಫ್-6.

—

ಪೆರಿಸ್ಕೋಪ್ · 2.31

ತಪ್ಪು. ಎಫ್ ಅಂದರೆ ಸುಳ್ಳುಬುರುಕ ಅಂತಲ್ಲ, ತೂಗಲು ಆಗಲ್ಲ ಅಂತ. 6 ಕೂಡ ಹಾಗೇ. ನಿಮ್ಮ ಮಾವ ನಂಬಿಕೆಗೆ ಅರ್ಹರಲ್ಲ ಅಂತ ಅನುಭವದಿಂದ ಗೊತ್ತಿದ್ದರೆ ಅದು ಇ. ಹೇಳಿದ್ದು ನಿಜ ಇರಲಾರದು ಅನ್ನುವಂತಿದ್ದರೆ 5. ಇ-5.

—

ಗಾಳಿಪಟ · 2.32

ಮಾವನ ಹೆಸರು ಇ-5 ಅಂತ ಸೇವ್ ಮಾಡಿದೆ.

—

ಮಾಟುಂಗಾ ಮೊಮ್ಮಗ · 3.10

ಇಷ್ಟು ಹೊತ್ತು ಸುಮ್ನೆ ಓದ್ತಾ ಇದ್ದೆ. ನಮ್ಮಜ್ಜ ಆ ದಿನಗಳಲ್ಲಿ ಮುಂಬೈನ ಕೋಟೆ ಕಡೆ ಒಂದು ಉಡುಪಿ ಹೋಟೆಲಲ್ಲಿ ಅಡುಗೆ ಕೆಲಸಕ್ಕಿದ್ದರು, ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ಹಡಗಿನ ಹುಡುಗರಿಗೆ ಊಟ ನೀರು ನಿಲ್ಲಿಸಿದ್ದಾರೆ ಅಂತ ಸುದ್ದಿ ಬಂತಂತೆ. ಯಜಮಾನರು ಲೆಕ್ಕ ಕೇಳಲಿಲ್ಲವಂತೆ. ಬುಟ್ಟಿ ತುಂಬ ಪೂರಿ, ಆಲೂಗಡ್ಡೆ ಪಲ್ಯ ಕಟ್ಟಿಸಿಕೊಂಡು ಅಜ್ಜ ಇನ್ನಿಬ್ಬರ ಜೊತೆ ಗೇಟ್‌ವೇ ಹತ್ತಿರ ಅಪೋಲೋ ಬಂದರಿಗೆ ಹೋದರು. ಅಲ್ಲಿ ಜಾತ್ರೆಯ ಥರ ಜನ. ಇರಾನಿ ಹೋಟೆಲಿನವರು ಬ್ರೆಡ್ಡು, ಯಾರೋ ಹಣ್ಣು, ಯಾರೋ ಹಾಲು. ದೋಣಿಗಳಲ್ಲಿ ಬಂದ ನಾವಿಕರು ತುಂಬಿಕೊಂಡು ಹೋಗ್ತಾ ಇದ್ದರಂತೆ. ಕಾವಲಿಗೆ ನಿಂತ ಸಿಪಾಯಿಗಳು ಬೇರೆ ಕಡೆ ಮುಖ ತಿರುಗಿಸಿದರು ಅಂತ ಅಜ್ಜ ನಗ್ತಾ ಹೇಳ್ತಿದ್ದರು.

—

ಕಾರವಾರದ ಕಡಲು · 3.18

ಮಾರಾಯ್ರೇ, ಕಣ್ಣಲ್ಲಿ ನೀರು ಬಂತು. ಹಸಿದ ಸೇಲರ್‌ಗೆ ಬಿಸಿ ಪೂರಿ ಅಂದರೆ ಏನು ಅಂತ ನಂಗೊತ್ತು.

—

ಪೆರಿಸ್ಕೋಪ್ · 3.30

ಕಥೆ ಚೆನ್ನಾಗಿದೆ, ಊಟ ತಂದುಕೊಟ್ಟದ್ದು ಇತಿಹಾಸದಲ್ಲೂ ಇದೆ. ಆದರೆ ಯಾವ ದಿನ? 22ರಂದು ಇಡೀ ಮುಂಬೈ ಬಂದ್, ಬೀದಿಯಲ್ಲಿ ಗೋಲಿಬಾರ್. ಆ ದಿನ ಬುಟ್ಟಿ ಹೊತ್ತು ಕೋಟೆಯಿಂದ ಬಂದರಿಗೆ ಹೋಗುವುದು ಕಷ್ಟ. ಸದ್ಯಕ್ಕೆ ಸಿ-3 ಕೊಡ್ತೇನೆ. ಬೇಜಾರಾಗಬೇಡಿ.

—

ಮಾಟುಂಗಾ ಮೊಮ್ಮಗ · 3.34

ನಮ್ಮಜ್ಜನಿಗೆ ಸಿ-3?! ಇರಿ, ಅಮ್ಮನಿಗೆ ಫೋನ್ ಮಾಡ್ತೇನೆ.

—

ಬಿಸಿಲು ಕುದುರೆ · 3.50

ಅಜ್ಜನ ದಿನಾಂಕ ಬಿಡಿ. ಈ ದಂಗೆಯಿಂದಲೇ ಬ್ರಿಟಿಷರು ಹೋಗಲು ತೀರ್ಮಾನಿಸಿದರು ಅನ್ನೋದು ಮುಖ್ಯ. ನಮ್ಮ ಪಠ್ಯದಲ್ಲಿ ಇದಕ್ಕೆ ಎರಡು ಸಾಲು.

—

ಚರಿತ್ರೆ ಟೀಚರ್ · 4.12

ಎರಡು ಸಾಲು ಅನ್ನೋದಕ್ಕೆ ನನ್ನದೂ ಸಿಟ್ಟಿದೆ. ಆದರೆ 'ದಂಗೆಯಿಂದಲೇ' ಅನ್ನಬೇಡಿ. ಅಧಿಕಾರ ಹಸ್ತಾಂತರದ ಮಾತುಕತೆಗೆ ಕ್ಯಾಬಿನೆಟ್ ಮಿಷನ್ ಕಳಿಸುವ ವಿಷಯವನ್ನು ಲಂಡನ್ನಿನಲ್ಲಿ ಪ್ರಕಟಿಸಿದ್ದು ಫೆಬ್ರವರಿ 19ರಂದು. ದಂಗೆ ಶುರುವಾಗಿ ಒಂದು ದಿನ. ಅಂದರೆ ತೀರ್ಮಾನ ಮೊದಲೇ ಆಗಿತ್ತು. ದಂಗೆಯಿಂದ ಅವರಿಗೆ ಗೊತ್ತಾದದ್ದು ಬೇರೆ: ಇನ್ನು ಮುಂದೆ ಭಾರತೀಯ ಪಡೆಗಳನ್ನು ನಂಬಿ ಆಳಲು ಆಗಲ್ಲ ಅಂತ. ಅದು ಸಣ್ಣ ವಿಷಯ ಅಲ್ಲ.

ಇನ್ನೊಂದು ಕಹಿ ಸತ್ಯವನ್ನೂ ಹೇಳಿ. ಹಡಗುಗಳ ಮೇಲೆ ಕಾಂಗ್ರೆಸ್, ಲೀಗ್, ಕಮ್ಯುನಿಸ್ಟ್ ಬಾವುಟ ಮೂರೂ ಒಟ್ಟಿಗೆ ಹಾರಿದವು. ನಾಯಕರು ಮಾತ್ರ ಒಟ್ಟಿಗೆ ನಿಲ್ಲಲಿಲ್ಲ. ಅರುಣಾ ಅಸಫ್ ಅಲಿ ಬೆಂಬಲಿಸಿದರು. ಗಾಂಧೀಜಿ ಟೀಕಿಸಿದರು. ಶರಣಾಗಿ ಅಂತ ಪಟೇಲರೂ ಹೇಳಿದರು, ಜಿನ್ನಾ ಕೂಡ ಹೇಳಿದರು. 23ರಂದು ಶರಣಾದರು, ನಾವು ಶರಣಾಗುತ್ತಿರುವುದು ಭಾರತಕ್ಕೆ, ಬ್ರಿಟನ್ನಿಗಲ್ಲ ಅಂತ ಹೇಳಿಯೇ. ನಗರದಲ್ಲಿ ಸತ್ತ ಸಾಮಾನ್ಯ ಜನ 200ಕ್ಕೂ ಹೆಚ್ಚು.

—

ಕಾರವಾರದ ಕಡಲು · 4.25

476 ಜನರನ್ನು ಕೆಲಸದಿಂದ ತೆಗೆದರು. ಸ್ವಾತಂತ್ರ್ಯ ಬಂದ ಮೇಲೆ ಭಾರತದ ನೇವಿಯೂ ವಾಪಸ್ ತಗೊಳ್ಳಲಿಲ್ಲ, ಪಾಕಿಸ್ತಾನದ್ದೂ ತಗೊಳ್ಳಲಿಲ್ಲ. ಈಗ ಕೊಲಾಬಾದಲ್ಲಿ ಸ್ಮಾರಕ ಇದೆ. ನಾನು ಡ್ಯೂಟಿಯಲ್ಲಿದ್ದಾಗ ಹತ್ತಾರು ಸಲ ಅದರ ಮುಂದೆ ಹಾದುಹೋಗಿದ್ದೆ. ಅಲ್ಲಿ ನಿಂತು ಓದಿದ್ದು ರಿಟೈರ್ ಆದ ಮೇಲೆ.

—

ಕಾಗದದ ದೋಣಿ · 4.40

ಗಾಡ್‌ಫ್ರೀ ಆಮೇಲೆ ಏನಾದರು?

—

ಪೆರಿಸ್ಕೋಪ್ · 4.55

ಮಾರ್ಚ್‌ನಲ್ಲಿ ಅವರ ಜಾಗಕ್ಕೆ ಜೆಫ್ರಿ ಮೈಲ್ಸ್ ಬಂದರು. ಗಾಡ್‌ಫ್ರೀ ಊರಿಗೆ ಹೋದರು. ನೌಕಾಪಡೆಯ ಬದುಕು ಅಲ್ಲಿಗೆ ಮುಗಿಯಿತು.

ಬೆಳಗ್ಗೆಯಿಂದ ಅವರ ಪರ ವಾದಿಸಿದ್ದೇನೆ, ಈಗ ಒಂದನ್ನು ಒಪ್ಪಿಕೊಳ್ತೇನೆ. ಪಿಕ್ಯೂ-17ರಲ್ಲಿ ಪೌಂಡ್ ಕೆಳಗಿನವರ ಮಾತು ಕೇಳಲಿಲ್ಲ ಅಂತ ನಾನೇ ಬರೆದೆ. ಮುಂಬೈಯಲ್ಲಿ ಪೌಂಡ್ ಕೂತ ಜಾಗದಲ್ಲಿ ಗಾಡ್‌ಫ್ರೀ ಕೂತಿದ್ದರು. ಕಡಲು ಅವರು ಹೇಳಿದ ಆ ದೂರು ಕಾಗದಕ್ಕೆ ಯಾರೂ ಎ-1 ಗುರುತು ಹಾಕಲಿಲ್ಲ.

—

ಕಾರವಾರದ ಕಡಲು · 5.03

ಗುರುತು ಹಾಕೋದಿರಲಿ ಸರ್, ಓದಿದ್ದರೆ ಸಾಕಿತ್ತು.

—

ಮಾಟುಂಗಾ ಮೊಮ್ಮಗ · 6.20

ಪೆರಿಸ್ಕೋಪ್ ಅವರೇ, ಅಮ್ಮನ ಜೊತೆ ಮಾತಾಡಿದೆ. ದಿನಾಂಕ ಅಮ್ಮನಿಗೂ ಗೊತ್ತಿಲ್ಲ. ಆದರೆ ಅಜ್ಜ ಯಾವಾಗಲೂ ಒಂದು ಮಾತು ಸೇರಿಸ್ತಿದ್ದರಂತೆ, ನಾನು ಮರೆತಿದ್ದೆ: "ಅಷ್ಟು ಪೂರಿ ಕರಿದು ಕೊಟ್ಟೆ, ನಾನು ಮಾತ್ರ ಒಂದೂ ತಿನ್ನಲಿಲ್ಲ, ಅವತ್ತು ರಾಯರ ವಾರ, ನಂದು ಒಪ್ಪೊತ್ತು."

ರಾಯರ ವಾರ ಅಂದರೆ ಗುರುವಾರ. 18 ಸೋಮವಾರ ಅಂತ ಕಡಲು ಅಣ್ಣನೇ ಬರೆದಿದ್ದಾರೆ. ಲೆಕ್ಕ ಹಾಕಿ.

—

ಪೆರಿಸ್ಕೋಪ್ · 6.27

ಗುರುವಾರ 21. ಗಾಡ್‌ಫ್ರೀ ರೇಡಿಯೋದಲ್ಲಿ ಮಾತಾಡಿದ ದಿನ, ಬಂದ್‌ಗೆ ಹಿಂದಿನ ದಿನ. ಸರಿ ಹೊಂದುತ್ತೆ. ಅಜ್ಜನಿಗೆ ಬಿ-2.

—

ಮಾಟುಂಗಾ ಮೊಮ್ಮಗ · 6.28

ಎ ಯಾಕಿಲ್ಲ?

—

ಪೆರಿಸ್ಕೋಪ್ · 6.30

ಸಿಪಾಯಿಗಳು ಮುಖ ತಿರುಗಿಸಿದರು ಅನ್ನೋದಕ್ಕೆ ಇನ್ನೊಬ್ಬ ಸಾಕ್ಷಿ ಬೇಕು.

—

ಉಪ್ಪಿಟ್ಟು ಪ್ರಿಯ · 6.31

ಪಲ್ಯಕ್ಕೆ ಈರುಳ್ಳಿ ಹಾಕಿದ್ದರಾ ಅಂತಲೂ ಅಮ್ಮನ್ನ ಕೇಳಿ.